ಅಳೆದ ಹಗ್ಗ ಮೇಲೆ ಬರಬೇಕು

ಭೂಸನೂರ, ಆಳಂದ ತಾಲ್ಲೂಕು

ಪ್ರೀತಿಯ ಓದುಗ ಗೆಳೆಯರೇ,



ನಿಮ್ಮ ಕಾಗದ ಕೈಸೇರಿದಾಗ ನಮ್ಮಲ್ಲಿ ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಭಜ್ಜಿ, ಸಜ್ಜಿ ರೊಟ್ಟಿಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ತೊಗರಿ ರಾಶಿ ನಡೆದಿದೆ, ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸಾಲುಗಟ್ಟಿವೆ. ಇಂಥ ದಿನಗಳಲ್ಲಿ ಜೇವರ್ಗಿಯಿಂದ ನೀವು ರಾಕೆಟ್ಟಿನ ಬಗ್ಗೆ ಕೇಳಿ ಬರೆದದ್ದು ನನಗೆ ಬಹಳ ಹಿಡಿಸಿತು.

ನಿಮ್ಮ ಪ್ರಶ್ನೆ ನೇರವಾಗಿದೆ: "ಚಂದ್ರನಿಗೂ ಹೋಗಂಗಿಲ್ಲ, ಭೂಮಿ ಸುತ್ತಾನೂ ತಿರುಗಂಗಿಲ್ಲ. ಹತ್ತು ಹದಿನೈದು ನಿಮಿಷ ಮ್ಯಾಲ ಹೋಗಿ ತಿರುಗಿ ಕೆಳಗ ಬರೋ ರಾಕೆಟ್ ಕಟ್ಟಿಕೊಂಡು ಏನ್ ಉಪಯೋಗ್ರಿ ಸರ್? ಅದನ್ನ ಮತ್ತ ಹಾರಸ್ತಾರಂತ, ಹೌದೇನ್ರಿ?"

ಹೌದು, ಹಾರಿಸುತ್ತಾರೆ. ಉಪಯೋಗವೂ ಬಹಳ ಇದೆ. ಅದನ್ನು ಹೇಳುವುದಕ್ಕೆ ಮೊದಲು ನಿಮ್ಮನ್ನು ನಮ್ಮ ಹೊಲದ ಬಾವಿಗೆ ಕರೆದೊಯ್ಯಬೇಕು.

ಬೇಸಿಗೆ ಹತ್ತಿರ ಬಂತೆಂದರೆ ನಮ್ಮಪ್ಪ ಬಾವಿಯ ನೀರು ಅಳೆಯುತ್ತಿದ್ದರು. ದನದ ಕೊಟ್ಟಿಗೆಯ ಗೂಟದಲ್ಲಿ ಒಂದು ಪುಂಡಿನಾರಿನ ಹಗ್ಗ ತೂಗಿರುತ್ತಿತ್ತು. ಮೊಳಕ್ಕೊಂದು ಗಂಟು. ತುದಿಗೆ ಕರಿಕಲ್ಲು ಕಟ್ಟಿ ನಿಧಾನವಾಗಿ ಕೆಳಗೆ ಬಿಡುತ್ತಿದ್ದರು. ಕಲ್ಲು ತಳ ಮುಟ್ಟಿದ ಗಳಿಗೆಯಲ್ಲಿ ಹಗ್ಗ ಅಂಗೈಯಲ್ಲಿ ಸಡಿಲಾಗುತ್ತಿತ್ತು. ಮೇಲೆಳೆದುಕೊಂಡು ಒದ್ದೆಯಾದ ಗಂಟುಗಳನ್ನು ಎಣಿಸಿದರೆ ಎಷ್ಟು ಮೊಳ ನೀರಿದೆ ಎಂಬ ಲೆಕ್ಕ. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಕಲ್ಲಿಗೆ ಮೆತ್ತಿದ ಕೆಸರನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, "ಈ ಸಲ ಹೂಳ ತೆಗಸ್ಬೇಕು ನೋಡ" ಅನ್ನುತ್ತಿದ್ದರು. ಆಮೇಲೆ ಹಗ್ಗವನ್ನು ಬಿಸಿಲಿಗೆ ಒಣಗಿಸಿ ಅದೇ ಗೂಟಕ್ಕೆ ಹಾಕುತ್ತಿದ್ದರು. ಮುಂದಿನ ವರ್ಷ ಅದೇ ಹಗ್ಗ, ಅವೇ ಗಂಟುಗಳು. ಹಾಗಾಗಿಯೇ ಹೋದ ವರ್ಷದ ಅಳತೆಗೂ ಈ ವರ್ಷದ ಅಳತೆಗೂ ತಾಳೆ ಹಾಕಲು ಸಾಧ್ಯವಾಗುತ್ತಿತ್ತು.

ನೀವು ಕೇಳಿದ ರಾಕೆಟ್ ಆಕಾಶದ ಬಾವಿಗೆ ಬಿಡುವ ಇಂಥದೇ ಹಗ್ಗ. ಅದರ ಹೆಸರೇ ಇದನ್ನು ಹೇಳುತ್ತದೆ. ಸೌಂಡಿಂಗ್ ರಾಕೆಟ್ ಎಂದಾಗ ಸೌಂಡ್ ಎಂಬುದಕ್ಕೆ ಸದ್ದು ಎಂದು ಅರ್ಥವಲ್ಲ. ಹಿಂದೆ ಹಡಗಿನವರು ಸಮುದ್ರದ ಆಳ ತಿಳಿಯಲು ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಡುತ್ತಿದ್ದರು. ಹಾಗೆ ಆಳ ನೋಡುವುದಕ್ಕೆ ಸೌಂಡಿಂಗ್ ಎಂದು ಹೆಸರು. ಆ ಗುಂಡಿನ ತಳದ ಕುಳಿಯಲ್ಲಿ ಕೊಬ್ಬು ತುಂಬಿರುತ್ತಿದ್ದರು. ತಳದ ಮರಳೋ ಕೆಸರೋ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತಿತ್ತು. ನಮ್ಮಪ್ಪ ಸಮುದ್ರ ಕಂಡವರಲ್ಲ. ಆದರೂ ಅವರ ಕಲ್ಲು ಮಾಡುತ್ತಿದ್ದದ್ದು ಅದೇ ಕೆಲಸ.

ಹಾಗಾದರೆ ಆಕಾಶದಲ್ಲಿ ಅಳೆಯಬೇಕಾದದ್ದು ಏನಿದೆ? ನೆಲದಿಂದ ಸುಮಾರು 40 ಕಿಲೋಮೀಟರ್‌ವರೆಗೆ ಬಲೂನು ಏರಬಲ್ಲದು. ಅದರಾಚೆ ಗಾಳಿ ತೀರ ತೆಳುವಾಗಿ ಬಲೂನನ್ನು ಎತ್ತಿ ಹಿಡಿಯುವ ಬಲ ಉಳಿಯುವುದಿಲ್ಲ. ಇತ್ತ ಉಪಗ್ರಹ ನಿಲ್ಲಬೇಕೆಂದರೆ ಹೆಚ್ಚುಕಡಿಮೆ 200 ಕಿಲೋಮೀಟರ್ ಎತ್ತರವಾದರೂ ಬೇಕು. ಅದಕ್ಕಿಂತ ಕೆಳಗೆ ಇಳಿದರೆ ಅಳಿದುಳಿದ ಗಾಳಿಯೇ ಅದನ್ನು ಬೇಗ ಕೆಡವುತ್ತದೆ. ಬಲೂನಿಗೆ ಎಟುಕದ, ಉಪಗ್ರಹಕ್ಕೆ ಒಗ್ಗದ ಈ ನಡುವಿನ ಪಟ್ಟಿಗೆ ಹೋಗಿ ಮುಟ್ಟಿ ಬರಬಲ್ಲದ್ದು ಸೌಂಡಿಂಗ್ ರಾಕೆಟ್ ಒಂದೇ. ರಾತ್ರಿ ನಾವು ಕಾಣುವ ಉಲ್ಕೆಗಳು ಉರಿಯುವುದು ಇದೇ ಪಟ್ಟಿಯಲ್ಲಿ. ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಭೂಮಿಯ ಕಾಂತೀಯ ಸಮಭಾಜಕದ ಉದ್ದಕ್ಕೂ, ಹಗಲು ಹೊತ್ತು ಒಂದು ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ. ಅದನ್ನು ಒಳಹೊಕ್ಕು ಅಳೆಯಬೇಕೆಂದೇ ವಿಜ್ಞಾನಿ ವಿಕ್ರಂ ಸಾರಾಭಾಯಿ ಅವರು ಆ ಗೆರೆಗೆ ಹತ್ತಿರವಿದ್ದ ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿಕೊಂಡದ್ದು.

1963ರ ನವೆಂಬರ್ 21ರ ಸಂಜೆ ಅಲ್ಲಿಂದ ಮೊದಲ ರಾಕೆಟ್ ಹಾರಿತು. ರಾಕೆಟ್ ಅಮೆರಿಕದ ನೈಕಿ ಅಪಾಚಿ, ಅದರೊಳಗಿನ ಸೋಡಿಯಂ ಆವಿಯ ಸರಂಜಾಮು ಫ್ರಾನ್ಸಿನದು, ಕಚೇರಿ ನಡೆಯುತ್ತಿದ್ದದ್ದು ಒಂದು ಹಳೆಯ ಚರ್ಚಿನಲ್ಲಿ. ಕೆಳಗೆ ಕತ್ತಲಾಗುತ್ತಿದ್ದರೂ ಅಷ್ಟೆತ್ತರದಲ್ಲಿ ಬಿಸಿಲಿರುತ್ತದಲ್ಲ, ಆ ಬಿಸಿಲಿನಲ್ಲಿ ಸೋಡಿಯಂ ಮೋಡ ಕಿತ್ತಳೆ ಬಣ್ಣಕ್ಕೆ ಹೊಳೆಯಿತು. ಅದು ಯಾವ ಕಡೆಗೆ ಎಳೆದುಕೊಂಡು ಹೋಯಿತು ಎಂಬುದನ್ನು ಚಿತ್ರ ತೆಗೆದು ನೋಡಿದರೆ ಅಲ್ಲಿನ ಗಾಳಿಯ ದಿಕ್ಕು, ವೇಗ ತಿಳಿಯುತ್ತದೆ. ಕಣದಲ್ಲಿ ಹೊಟ್ಟು ತೂರಿ ಗಾಳಿ ನೋಡುವವರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕು ವರ್ಷಕ್ಕೆ, 1967ರ ನವೆಂಬರ್ 20ರಂದು ನಮ್ಮದೇ ರಾಕೆಟ್ ಏರಿತು. ಹೆಸರು ರೋಹಿಣಿ ಆರ್‌ಎಚ್-75. ಆ 75 ಎಂದರೆ ಅದರ ಅಡ್ಡಳತೆ, ಮಿಲಿಮೀಟರ್ ಲೆಕ್ಕದಲ್ಲಿ. ನಮ್ಮ ಹೊಲದ ನೀರಿನ ಪೈಪಿನಷ್ಟು ದಪ್ಪ, ಅಷ್ಟೇ. ಆಮೇಲೆ ಬಂದ ಆರ್‌ಎಚ್-200 ಹತ್ತು ಕಿಲೋ ಹೊರೆಯನ್ನು ಸುಮಾರು 80 ಕಿಲೋಮೀಟರ್ ಎತ್ತರಕ್ಕೂ, ಆರ್‌ಎಚ್-560 ನೂರು ಕಿಲೋ ಹೊರೆಯನ್ನು ಸುಮಾರು 470 ಕಿಲೋಮೀಟರ್ ಎತ್ತರಕ್ಕೂ ಒಯ್ಯುತ್ತವೆ. ಆರ್‌ಎಚ್-200 ಮೇಲೆ ಹೋಗಿ ತಾಮ್ರದ ನವಿರು ಎಳೆಗಳನ್ನು ಚೆಲ್ಲುವುದುಂಟು. ಅವು ತೇಲುವ ದಿಕ್ಕನ್ನು ರೇಡಾರ್ ಹಿಂಬಾಲಿಸುತ್ತದೆ. 2022ರ ನವೆಂಬರ್ 23ರಂದು ಈ ಪುಟ್ಟ ರಾಕೆಟ್ ಒಂದೂ ತಪ್ಪದಂತೆ ಸತತ 200ನೇ ಸಲ ಯಶಸ್ವಿಯಾಗಿ ಹಾರಿತು. ಚಂದ್ರಯಾನದ ದಿನ ನಾವೆಲ್ಲ ಟೀವಿಯ ಮುಂದೆ ಕೂತಿದ್ದೆವು. ಈ ಇನ್ನೂರರ ಮುಂದೆಯೂ ಒಂದು ಗಳಿಗೆ ಕೂರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಈಗ ನಿಮ್ಮ ಪ್ರಶ್ನೆಯ ಗಂಟಿಗೆ ಬಂದೆ. ಈ ರಾಕೆಟ್ಟುಗಳೆಲ್ಲ ಅಳತೆ ಮುಗಿಸಿ ಸಮುದ್ರಕ್ಕೆ ಬಿದ್ದವು. ಒಮ್ಮೆ ಅಳೆದ ಹಗ್ಗವನ್ನು ಪ್ರತಿ ಸಲ ಬಾವಿಗೇ ಎಸೆದುಬಿಟ್ಟ ಹಾಗೆ. ರೇಡಿಯೊ ಮೂಲಕ ಅಂಕಿಗಳು ಬಂದವು, ಹಗ್ಗ ಬರಲಿಲ್ಲ, ಕೆಸರೂ ಬರಲಿಲ್ಲ.

ತಿರುಗಿ ಬರುವ ರಾಕೆಟ್ ಮಾಡುವ ಕೆಲಸ ಇಂಥ ಗಿಡ್ಡ ಹಾರಾಟದಿಂದ ಶುರುವಾಗುವುದಕ್ಕೆ ಒಂದು ಕಾರಣವಿದೆ. ನೇರ ಮೇಲಕ್ಕೆ 100 ಕಿಲೋಮೀಟರ್ ಮುಟ್ಟಬೇಕಾದರೆ ಸೆಕೆಂಡಿಗೆ ಸುಮಾರು 1.4 ಕಿಲೋಮೀಟರ್ ವೇಗ ಸಾಕು. ಭೂಮಿಯನ್ನು ಸುತ್ತುತ್ತ ನಿಲ್ಲಬೇಕಾದರೆ ಸೆಕೆಂಡಿಗೆ 7.8 ಕಿಲೋಮೀಟರ್ ಬೇಕು. ವೇಗ ಐದೂವರೆ ಪಟ್ಟು ಹೆಚ್ಚಾದರೆ ಶಕ್ತಿ ಮೂವತ್ತು ಪಟ್ಟು ಹೆಚ್ಚಾಗುತ್ತದೆ. ಕೆಳಗೆ ಬರುವಾಗ ಆ ಶಕ್ತಿ ಕಾವಾಗುತ್ತದೆ, ಅದರ ಒಂದು ಪಾಲು ಮೈಮೇಲೆ ಬೀಳುತ್ತದೆ. ಆದ್ದರಿಂದ ಕಕ್ಷೆಯಿಂದ ಮರಳುವುದು ಬೆಂಕಿಯಲ್ಲಿ ಹಾದು ಬಂದಂತೆ. ಗಿಡ್ಡ ಹಾರಾಟದಿಂದ ಮರಳುವುದು ಅದಕ್ಕಿಂತ ಎಷ್ಟೋ ಹಗುರ.

ಆ ಗಿಡ್ಡ ಹಾರಾಟದಲ್ಲಿ ಸಿಗುವ ಒಂದು ಅಪರೂಪದ ಸ್ಥಿತಿಯನ್ನು ನಾನು ಶಾಲೆಯ ಮಕ್ಕಳಿಗೆ ನೀರಿನ ಬಾಟಲಿಯಲ್ಲಿ ತೋರಿಸುತ್ತೇನೆ. ನೀವೂ ಮಾಡಿ ನೋಡಿ. ಬಾಟಲಿಯ ಬುಡದ ಬದಿಗೆ ಮೊಳೆಯಿಂದ ಒಂದು ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿಯಿರಿ. ನೀರು ಚಿರ್ರನೆ ಸೋರುತ್ತದೆ. ಈಗ ಬಾಟಲಿಯನ್ನು ಕೈಬಿಡಿ. ಬೀಳುತ್ತಿರುವಷ್ಟು ಹೊತ್ತು ತೂತಿನಿಂದ ಒಂದು ಹನಿಯೂ ಬರುವುದಿಲ್ಲ. ಬಾಟಲಿಯೂ ನೀರೂ ಒಟ್ಟಿಗೆ ಬೀಳುವುದರಿಂದ ನೀರು ಬಾಟಲಿಯನ್ನು ಒತ್ತುವುದೇ ಇಲ್ಲ. ಇನ್ನೂ ಒಂದು ಸೋಜಿಗವಿದೆ: ಬಾಟಲಿಯನ್ನು ಮೇಲಕ್ಕೆ ಎಸೆದರೆ, ಅದು ಮೇಲೇರುತ್ತಿರುವಾಗಲೂ ನೀರು ಸೋರುವುದಿಲ್ಲ. ಕೈಬಿಟ್ಟ ಗಳಿಗೆಯಿಂದಲೇ ಬಾಟಲಿ ತೂಕ ಕಳೆದುಕೊಂಡಿರುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಇದನ್ನು ಏಳು ಸಲ ಎಸೆದು ನೋಡಿ, ಸಮವಸ್ತ್ರವೆಲ್ಲ ಒದ್ದೆ ಮಾಡಿಕೊಂಡು, "ಖರೇನ ಐತ್ರಿ ಸರ್" ಎಂದಳು. ರಾಕೆಟ್ಟಿನಲ್ಲೂ ಅಷ್ಟೇ. ಎಂಜಿನ್ ಆರಿದ ಮೇಲೆ, ಗಾಳಿ ತೆಳುವಾದ ಎತ್ತರದಲ್ಲಿ, ಒಳಗಿನ ಎಲ್ಲವೂ ಕೆಲವು ನಿಮಿಷ ತೂಕವಿಲ್ಲದೆ ತೇಲುತ್ತವೆ. ಬಾಟಲಿಗೆ ಒಂದು ಸೆಕೆಂಡು ಸಿಕ್ಕರೆ ರಾಕೆಟ್ಟಿಗೆ ಮೂರು ನಿಮಿಷ. ದ್ರವ ಹೇಗೆ ಹರಿಯುತ್ತದೆ, ಬೆಂಕಿ ಹೇಗೆ ಉರಿಯುತ್ತದೆ, ಜೀವಕೋಶ ಹೇಗೆ ವರ್ತಿಸುತ್ತದೆ ಎಂದು ನೋಡಲು ಅಷ್ಟು ಸಾಕು.

ಇಲ್ಲಿಯೇ ವ್ಯಾಪಾರವೂ ಬರುತ್ತದೆ. ಉಪಗ್ರಹಕ್ಕೆಂದು ಒಂದು ಹೊಸ ವಾಲ್ವ್ ಅಥವಾ ಕ್ಯಾಮೆರಾ ಮಾಡಿದ ಕಂಪನಿ ಅದನ್ನು ನೇರವಾಗಿ ಕಕ್ಷೆಗೆ ಕಳಿಸಿ, ಕೆಟ್ಟರೆ ಎಲ್ಲವನ್ನೂ ಕಳೆದುಕೊಳ್ಳುವ ಬದಲು, ಮೊದಲು ಗಿಡ್ಡ ಹಾರಾಟದಲ್ಲಿ ಕಳಿಸಿ ತರಿಸಿಕೊಂಡು ಬಿಚ್ಚಿ ನೋಡಬಹುದು. ಅಮೆರಿಕದ ಬ್ಲೂ ಆರಿಜಿನ್ ಕಂಪನಿಯ ನ್ಯೂ ಶೆಪರ್ಡ್ ರಾಕೆಟ್ 2015ರ ನವೆಂಬರ್ 23ರಂದು 100 ಕಿಲೋಮೀಟರ್ ದಾಟಿ ಹೋಗಿ, ಹೊರಟ ಹಾಗೆಯೇ ನೆಟ್ಟಗೆ ನೆಲಕ್ಕಿಳಿಯಿತು. ಅದೇ ರಾಕೆಟ್ 2016ರ ಜನವರಿ 22ರಂದು ಮತ್ತೆ ಹಾರಿ ಮತ್ತೆ ಇಳಿಯಿತು. ಅಂಥ ಹಾರಾಟಗಳಲ್ಲಿ ವಿಶ್ವವಿದ್ಯಾಲಯಗಳ ಪ್ರಯೋಗಗಳೂ ಕಂಪನಿಗಳ ಸಲಕರಣೆಗಳೂ ಒಟ್ಟಿಗೆ ಹೋಗಿ ಬಂದಿವೆ.

ನಮ್ಮಲ್ಲೇನು ಎಂದು ಕೇಳುತ್ತೀರಿ. 2016ರ ಮೇ 23ರ ಬೆಳಿಗ್ಗೆ ಇಸ್ರೋದ ರೆಕ್ಕೆಯುಳ್ಳ ವಾಹನವೊಂದು ಶ್ರೀಹರಿಕೋಟಾದಿಂದ 65 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿ, ಬಂಗಾಳ ಕೊಲ್ಲಿಗೆ ಇಳಿಯಿತು. ಇಳಿಯುವ ಮುಂದಿನ ಪಾಠ ನಡೆದದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ರನ್‌ವೇಯಲ್ಲಿ. 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23, ಹೀಗೆ ಮೂರು ಸಲ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅಂಥದೇ ರೆಕ್ಕೆಯ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದಕ್ಕೆ ಪುಷ್ಪಕ್ ಎಂಬ ಹೆಸರೂ ಬಂದಿದೆ. ಮೂರನೇ ಸಲ ಬೇಕೆಂದೇ ರನ್‌ವೇಯ ನೇರದಿಂದ ಅರ್ಧ ಕಿಲೋಮೀಟರ್ ಪಕ್ಕಕ್ಕೆ ಬಿಟ್ಟರು. ಒಳಗೆ ಯಾರೂ ಇಲ್ಲ, ಎಂಜಿನ್ನೂ ಉರಿಯುತ್ತಿಲ್ಲ. ಅದು ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿಕೊಂಡು ರನ್‌ವೇಯ ನಡುಗೆರೆಯ ಮೇಲೆಯೇ ನಿಂತಿತು. ಮಾರ್ಚಿನಲ್ಲಿ ಇಳಿದ ಮೈಯನ್ನೂ ಅದರ ಒಳಗಿನ ವ್ಯವಸ್ಥೆಗಳನ್ನೂ ಏನೂ ಬದಲಿಸದೆ ಜೂನಿನಲ್ಲಿ ಬಳಸಿದ್ದರು. ಗೂಟದಿಂದ ಅದೇ ಹಗ್ಗ ಇಳಿಸಿ ಮತ್ತೆ ಅಳೆದಂತೆ. ನನಗೆ ಈ ಮಾತು ಎಲ್ಲಕ್ಕಿಂತ ದೊಡ್ಡದು.

ಇನ್ನೊಂದು ದಾರಿಯೂ ಇದೆ. 2022ರ ಸೆಪ್ಟೆಂಬರ್ 3ರಂದು ತುಂಬಾದಿಂದ ಹಾರಿದ ಆರ್‌ಎಚ್-300 ರಾಕೆಟ್ಟಿನ ಮೂತಿಯಲ್ಲಿ ಕೆವ್ಲಾರ್ ಬಟ್ಟೆಯ ಒಂದು ಮಡಿಕೆಯಿತ್ತು. 84 ಕಿಲೋಮೀಟರ್ ಎತ್ತರದಲ್ಲಿ ಅದು ಅನಿಲ ತುಂಬಿಕೊಂಡು ಕೊಡೆಯಂತೆ ಅರಳಿ, ಬೀಳುವ ವೇಗವನ್ನು ತಡೆಯಿತು. ಉರಿದು ಮುಗಿದ ರಾಕೆಟ್ ಹಂತಗಳನ್ನು ಮುಂದೆ ಮರಳಿ ಪಡೆಯಲು ಇದು ನೆರವಾಗಬಹುದೆಂಬುದು ಇಸ್ರೋ ಲೆಕ್ಕ. ಖಾಸಗಿಯವರೂ ಹೆಜ್ಜೆ ಇಟ್ಟಿದ್ದಾರೆ. 2024ರ ಆಗಸ್ಟ್ 24ರಂದು ಚೆನ್ನೈ ಬಳಿಯ ತಿರುವಿಡಂದೈನಿಂದ ರೂಮಿ-1 ಎಂಬ ಮರುಬಳಕೆಯ ಸಣ್ಣ ರಾಕೆಟ್ ಪುಟ್ಟ ಉಪಗ್ರಹ ಮಾದರಿಗಳನ್ನು ಹೊತ್ತು, ಗಾಡಿಯ ಮೇಲಿನ ಅಟ್ಟಣಿಗೆಯಿಂದ ಹಾರಿತು.

ಎಲ್ಲ ರಾಕೆಟ್ಟೂ ಮರಳಿ ಬರಲೇಬೇಕೆಂದು ನಾನು ಹೇಳುವುದಿಲ್ಲ. ಮರಳಬೇಕಾದರೆ ರೆಕ್ಕೆ, ಪ್ಯಾರಾಚೂಟ್ ಅಥವಾ ಇಳಿಯಲೆಂದೇ ಉಳಿಸಿಕೊಂಡ ಇಂಧನ ಬೇಕು, ಅದೆಲ್ಲವೂ ಭಾರ. ಹತ್ತು ಕಿಲೋ ಹೊರುವ ಆರ್‌ಎಚ್-200ಕ್ಕೆ ಈ ಭಾರ ಹೊರಿಸಿದರೆ ಪ್ರಯೋಗಕ್ಕೇ ಜಾಗ ಉಳಿಯದು. ಆದರೆ ಮತ್ತೆ ಮತ್ತೆ ಅದೇ ಉಪಕರಣದಿಂದ ಅಳೆಯಬೇಕಾದಲ್ಲಿ, ಮೇಲಿನದನ್ನು ಕೆಳಗೆ ತಂದು ಕೈಯಲ್ಲಿ ಹಿಡಿದು ನೋಡಬೇಕಾದಲ್ಲಿ, ಮರಳಿ ಬರುವ ಹಗ್ಗವೇ ಬೇಕು. ಅಂಕಿಯನ್ನು ರೇಡಿಯೊದಲ್ಲಿ ಕಳಿಸಬಹುದು, ಗಾಳಿಯನ್ನು ಕಳಿಸಲಾಗದು.

ಇದಕ್ಕೆ ನಮ್ಮ ಸೀಮೆಗೆ ತೀರ ಹತ್ತಿರದ ಒಂದು ಸಾಕ್ಷಿ ಕೊಡುತ್ತೇನೆ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ. 2005ರ ಏಪ್ರಿಲ್ 20ರಂದು ಅಲ್ಲಿಂದ ಒಂದು ಭಾರೀ ಬಲೂನು ಏರಿತು. ಅದಕ್ಕೆ 459 ಕಿಲೋ ಹೊರೆ. ಅದರಲ್ಲಿ ಒಳಗಿನ ಗಾಳಿ ತೆಗೆದು, ಸೂಕ್ಷ್ಮಜೀವಿ ಇಲ್ಲದಂತೆ ಶುದ್ಧಮಾಡಿದ 16 ಉಕ್ಕಿನ ಕೊಳವೆಗಳು, ಅವುಗಳನ್ನು ಮುಳುಗಿಸಿಟ್ಟ 38 ಕಿಲೋ ದ್ರವ ನಿಯಾನ್. 20ರಿಂದ 41 ಕಿಲೋಮೀಟರ್‌ವರೆಗಿನ ಬೇರೆ ಬೇರೆ ಎತ್ತರಗಳಲ್ಲಿ ಕೊಳವೆಗಳು ಬಾಯಿ ತೆರೆದು ಗಾಳಿ ಹಿಡಿದುಕೊಂಡು, ಪ್ಯಾರಾಚೂಟಿನಲ್ಲಿ ಕೆಳಗೆ ಬಂದವು. ವಿಜ್ಞಾನಿ ಜಯಂತ ನಾರ್ಳೀಕರ್ ಅವರ ಮುಂದಾಳ್ತನದ ಆ ಪ್ರಯೋಗದಲ್ಲಿ, ಹೈದರಾಬಾದಿನಲ್ಲೂ ಪುಣೆಯಲ್ಲೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿದಾಗ, ಅದುವರೆಗೆ ಯಾರೂ ಹೆಸರಿಡದ ಮೂರು ಜಾತಿಯ ಬ್ಯಾಕ್ಟೀರಿಯಾ ಸಿಕ್ಕವು. ಒಂದಕ್ಕೆ ಖಗೋಳ ವಿಜ್ಞಾನಿ ಹಾಯ್ಲ್ ಅವರ ಹೆಸರು, ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು. ಆ ಆರ್ಯಭಟನ ಹೆಸರಿನ ಜಾತಿ ಮುಂದೆ ಸೋಯಾಬೀನ್ ಬೇರಿನ ಸುತ್ತಲ ಮಣ್ಣಿನಲ್ಲೂ ಸಿಕ್ಕಿತು. ಆಕಾಶದಲ್ಲಿ ಮೊದಲು ಗುರುತು ಸಿಕ್ಕದ್ದು ನಮ್ಮಂಥವರ ಹೊಲದ ಬೆಳೆಯ ಬೇರಿನಲ್ಲಿಯೂ ಇದೆ! ಕಲ್ಲಿಗೆ ಕೆಸರು ಅಂಟಿ ಬಂದದ್ದರಿಂದಲೇ ಇದು ತಿಳಿದದ್ದು. ಬಲೂನಿಗೆ ಎಟುಕದ ಎತ್ತರದಿಂದಲೂ ಹೀಗೆ ತರುವುದು ಮರಳಿ ಬರುವ ರಾಕೆಟ್ಟಿನ ಪಾಲಿನ ಕೆಲಸ.

ಇನ್ನು ನಿಮಗೂ ನನಗೂ ಸೇರಿದ ಮಾತು. ನಕಾಶೆಯ ಮೇಲೆ ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಗೆರೆ ಎಳೆಯಿರಿ. ಅದು ನಮ್ಮ ಆಳಂದ ತಾಲ್ಲೂಕಿನ ಮೇಲೆಯೇ ಹಾಯುತ್ತದೆ. ಬಲೂನಿನ ಪೆಟ್ಟಿಗೆಗಳು ವಿಶಾಖಪಟ್ಟಣ, ಹೈದರಾಬಾದು, ಸೊಲ್ಲಾಪುರ ಕೂಡಿಸುವ ಗೆರೆಯ ಆಸುಪಾಸಿನಲ್ಲಿ ಇಳಿಯಬಹುದೆಂದು ಆ ಕೇಂದ್ರವೇ ಪ್ರಕಟಣೆ ಕೊಡುತ್ತ ಬಂದಿದೆ. 2025ರ ಜನವರಿಯಲ್ಲಿ ಬೀದರ ಜಿಲ್ಲೆ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಬೆಳ್ಳಂಬೆಳಿಗ್ಗೆ ಅಂಥದೊಂದು ಬಲೂನು ಮನೆಯ ಮೇಲೆಯೇ ಬಂದು ಬಿತ್ತು. ಜನ ಗಾಬರಿಯಾದರು, ಪೊಲೀಸರು ಬಂದರು, ಕೊನೆಗೆ ಅದು ಹೈದರಾಬಾದಿನ ಸಂಶೋಧನೆಯ ಬಲೂನೆಂದು ತಿಳಿಯಿತು. ಜಲಸಂಗಿ ನಿಮಗೆ ಗೊತ್ತೇ ಇದೆ. ಚಾಳುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಸುಂದರಿಯ ಊರು. ಒಂಬತ್ತು ಶತಮಾನಗಳಿಂದ ಕಲ್ಲಿನಲ್ಲಿ ಬರೆಯುತ್ತ ನಿಂತವಳ ಊರಿಗೆ ಆಕಾಶದಿಂದ ಅಳತೆಯ ಲೆಕ್ಕ ಬಂದು ಇಳಿದಂತಾಯಿತು.

ಹಾಗೇನಾದರೂ ನಿಮ್ಮ ತೊಗರಿ ಹೊಲದಲ್ಲಿ ಬಣ್ಣದ ಪ್ಯಾರಾಚೂಟ್ ಕಂಡರೆ, ಪೆಟ್ಟಿಗೆಯನ್ನು ಬಿಚ್ಚಬೇಡಿ, ಎಳೆದಾಡಬೇಡಿ. ಒಳಗೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಇರಬಹುದು. ಬಿಚ್ಚಿದರೆ ತಿಂಗಳುಗಟ್ಟಲೆ ದುಡಿದು ತಂದ ಅಳತೆ ಹಾಳಾಗುತ್ತದೆ. ಪೊಲೀಸ್ ಠಾಣೆಗೆ ತಿಳಿಸಿ. ತಿಳಿಸಿದವರಿಗೆ ಬಹುಮಾನವನ್ನೂ ಖರ್ಚನ್ನೂ ಕೊಡುವುದಾಗಿ ಕೇಂದ್ರ ಹೇಳುತ್ತದೆ.

ಅಷ್ಟೇ ಗಟ್ಟಿಯಾಗಿ ಹಾರಿಸುವವರಿಗೂ ನನ್ನದೊಂದು ಮಾತಿದೆ. ಹಾರಾಟದ ಹಂಗಾಮಿಗೆ ಮೊದಲು ಊರೂರ ಪಂಚಾಯಿತಿಗೆ ಕನ್ನಡದಲ್ಲಿ ಸುದ್ದಿ ಮುಟ್ಟಲಿ, ಶಾಲೆಗೆ ಒಂದು ಚಿತ್ರಪಟ ಬರಲಿ. ಇಳಿದ ಪೆಟ್ಟಿಗೆ ಏನು ಅಳೆದು ತಂದಿತೆಂದು ಆ ಹೊಲದ ಒಡೆಯನಿಗೆ ಮುಂದೊಂದು ದಿನ ಕಾಗದ ಬರೆಯಲಿ. ಈ ಮಾತು ಬಲೂನಿಗಷ್ಟೇ ಅಲ್ಲ: ಪುಷ್ಪಕ್ ಇಳಿದ ಚಳ್ಳಕೆರೆಯ ರನ್‌ವೇ ಇರುವುದು ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ. ಅಲ್ಲಿ ದನ, ಕುರಿ ಮೇಯಿಸುತ್ತಿದ್ದ ಹಳ್ಳಿಗಳ ಜನ ತಮ್ಮ ಕಾವಲಿಗಾಗಿ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದ್ದರು. ಪುಷ್ಪಕ್ ಇಳಿದ ದಿನದ ಹೆಮ್ಮೆ ನನಗೂ ಇದೆ. ಆ ಹೆಮ್ಮೆಯಲ್ಲಿ ಆ ಕುರಿಗಾಹಿಗಳನ್ನು ಮರೆಯಲು ಮನಸ್ಸು ಒಪ್ಪುವುದಿಲ್ಲ. ಮೇಲೆ ಹೋದದ್ದು ಮರಳಿ ಬರಬೇಕಾದರೆ ಇಳಿಯಲು ನೆಲ ಬೇಕು. ನೆಲವೆಂದರೆ ಅದರ ಮೇಲೆ ಬದುಕುವ ಜನ. ಇಳಿದದ್ದನ್ನು ಅವರು ಜೋಪಾನವಾಗಿ ಹಿಂದಿರುಗಿಸಿದರೆ ಮಾತ್ರ ಪ್ರಯೋಗ ಪೂರ್ತಿಯಾಗುತ್ತದೆ.

ನಮ್ಮಪ್ಪನ ಹಗ್ಗ ಈಗ ಇಲ್ಲ. ಹೋದ ಭಾನುವಾರ ಹೊಸ ಹಗ್ಗ ತಂದು, ಮಗಳ ಕೈಯಿಂದಲೇ ಮೊಳಕ್ಕೊಂದು ಗಂಟು ಹಾಕಿಸಿದೆ. ಅವಳ ಮೊಳ ಅಜ್ಜನ ಮೊಳಕ್ಕಿಂತ ಗಿಡ್ಡ. ಆದರೂ ಪ್ರತಿ ವರ್ಷ ಇದೇ ಹಗ್ಗ ಬಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಒಂಬತ್ತು ಗಂಟು ಒದ್ದೆಯಾಗಿ ಬಂತು. ಕಲ್ಲಿಗೆ ಮೆತ್ತಿದ ಕೆಸರನ್ನು ಅವಳೇ ಬೆರಳಿನಿಂದ ತಿಕ್ಕಿ ನೋಡಿದಳು.

ನಿಮ್ಮ ಬಾವಿಯಲ್ಲಿ ಈ ಸಲ ಎಷ್ಟು ಗಂಟು ಒದ್ದೆಯಾದವು, ಮುಂದಿನ ಕಾಗದದಲ್ಲಿ ತಪ್ಪದೆ ಬರೆಯಿರಿ. ಮನೆಯಲ್ಲಿ ಎಲ್ಲರಿಗೂ ನನ್ನ ಶರಣು ತಿಳಿಸಿ.

ನಿಮ್ಮ ಪ್ರೀತಿಯ,
ಭೂಸನೂರಿನ ಗೆಳೆಯ